ಸಾಮುರಾಯ್, ನೈಟ್ ಮತ್ತು ಔರಾದದ ಫೇಟಾ

ನಮ್ಮ ಸಂಸ್ಥೆಯ ಕಾಲೇಜಿಗೆ ಈ ವರ್ಷ ಇಂಗ್ಲಿಷ್ ಕಲಿಸಲು ಸೇರಿಕೊಂಡ ಇಬ್ಬರು ತರುಣರು ಮೊನ್ನೆ ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನನ್ನ ಮನೆಗೆ ಬಂದಿದ್ದರು. ‘ಸಾಹಿತ್ಯ ಮತ್ತು ಸಿನಿಮಾ’ ಎಂಬ ಪೇಪರು ಅವರ ಪಾಲಿಗೆ ಬಂದಿದೆ. ಅದರಲ್ಲಿ ಒಂದು ಪಾಠ, ಜಪಾನ್ ಮತ್ತು ಯುರೋಪಿನ ಸಿನಿಮಾಗಳಲ್ಲಿ ಯೋಧರ ಮಾನದ ಕಟ್ಟಳೆ. ಅದನ್ನು ಹೇಗೆ ಕಲಿಸಬೇಕು ಎಂದು ಕೇಳಿದರು. ನಾನು ಹೇಳಲು ಶುರು ಮಾಡಿದಾಗಲೆಲ್ಲ ಅವರಲ್ಲಿ ಒಬ್ಬನಿಗೆ ಫೋನು ಬಂತು. ಆದ್ದರಿಂದ ಚಹಾ ಕುಡಿಸಿ ಕಳಿಸಿ, ಈಗ ಬರೆಯುತ್ತಿದ್ದೇನೆ. ಬರಹಕ್ಕೆ ಯಾರೂ ಅಡ್ಡ ಬರುವುದಿಲ್ಲ, ಓದದಿದ್ದರೂ ಗೊತ್ತಾಗುವುದಿಲ್ಲ.

ಈ ಪೇಪರು ನನಗೆ ಬಂದದ್ದು ವಿದ್ವತ್ತಿನಿಂದಲ್ಲ. ವಿಶ್ವವಿದ್ಯಾಲಯ ಪಠ್ಯ ಬದಲಿಸಿದಾಗ ನಮ್ಮ ವಿಭಾಗದಲ್ಲಿ ಸಿ.ಡಿ. ಹಾಕುವ ಯಂತ್ರ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ. “ನಿಮ್ಮ ಮನ್ಯಾಗ ಮಷೀನ್ ಅದ. ಪೇಪರ್ ನಿಮಗೇ ಹೋಗ್ತದ,” ಎಂದರು ಪ್ರಾಚಾರ್ಯ ಬಿರಾದಾರ ಸರ್. ನಾನು ದಾಳಿಂಬ ಎಂಬ ಹಳ್ಳಿಯ ಒಕ್ಕಲುತನದ ಮನೆಯವನು. ಹರಿತವಾದದ್ದೆಂದರೆ ನನಗೆ ಗೊತ್ತಿದ್ದದ್ದು ಕುಡಗೋಲು ಒಂದೇ. ಅಂಥವನು ಮುಂದೆ ಉಮರ್ಗಾ, ಉದಗೀರ, ನಿಲಂಗಾ ಎಂದು ಸಂಸ್ಥೆಯ ಮೂರೂ ಕಾಲೇಜುಗಳಲ್ಲಿ ವರ್ಷಗಟ್ಟಲೆ ಖಡ್ಗದ ಬಗ್ಗೆ ಮಾತಾಡಿ ನಿವೃತ್ತನಾದೆ. ಸಂಬಳ ಸರಿಯಾಗಿ ಬಂತು.

ನಾನು ತೋರಿಸುತ್ತಿದ್ದದ್ದು ಎರಡೇ ಸಿನಿಮಾ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ಹುಡುಗರು ಫೋನಿನಲ್ಲಿ ಸಾರಾಂಶ ಓದಿಕೊಂಡು ಬಂದು ಸಿನಿಮಾ ನಡೆಯುವಾಗ ನಿದ್ದೆ ಮಾಡುತ್ತಾರೆ. ಜಪಾನಿನದರಲ್ಲಿ ಒಬ್ಬ ಸಾಮುರಾಯ್ ಇದ್ದಾನೆ. ಅವನ ಧಣಿಯ ಮನೆಯ ಔತಣದಲ್ಲಿ ಇವನಿಗೆ ಸಲ್ಲಬೇಕಾದ ಜಾಗದಲ್ಲಿ ಬೇರೆಯವನನ್ನು ಕೂಡಿಸುತ್ತಾರೆ. ಇವನು ಏನೂ ಅನ್ನದೆ ಎದ್ದು ಹೊರಗೆ ಬಂದು, ಇನ್ನು ಈ ಹೊಸ್ತಿಲು ದಾಟುವುದಿಲ್ಲ ಎಂದು ಶಪಥ ಮಾಡುತ್ತಾನೆ. ಆಮೇಲೆ ಧಣಿಯ ಮೇಲೆ ಶತ್ರುಗಳು ಬೀಳುತ್ತಾರೆ. ಧಣಿಯನ್ನು ಬಿಟ್ಟು ಹೋಗುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಹಿಮ ಸುರಿಯುತ್ತಿರುವಾಗ ಬಾಗಿಲ ಹೊರಗೇ ನಿಂತು ಕಾದಾಡಿ ಸಾಯುತ್ತಾನೆ. ಧಣಿಯೂ ಒಳಗೆ ಸಾಯುತ್ತಾನೆ. ಯುರೋಪಿನದರಲ್ಲಿ ಇಬ್ಬರು ನೈಟ್‌ಗಳು, ಒಬ್ಬನ ತಂಗಿಯನ್ನು ಇನ್ನೊಬ್ಬನಿಗೆ ಕೊಟ್ಟಿದೆ. ಜಗಳವಾಡಿ, ಒಬ್ಬರ ನೆಲವನ್ನು ಇನ್ನೊಬ್ಬರು ತುಳಿಯುವುದಿಲ್ಲ ಎಂದು ದೇವರ ಮುಂದೆ, ರಾಜನ ಮುಂದೆ, ಊರವರ ಮುಂದೆ ಕೂಗಿ ಹೇಳುತ್ತಾರೆ. ಕೊನೆಗೆ ಎರಡು ಸೀಮೆಗಳ ನಡುವಿನ ಸೇತುವೆಯ ಮೇಲೆ ಹೊಡೆದಾಡಿ, ಒಂದಿಷ್ಟು ರಕ್ತ ಬಂದ ಮೇಲೆ, ಅಲ್ಲೇ ಮೇಜು ಹಾಕಿಸಿಕೊಂಡು ಒಟ್ಟಿಗೆ ಊಟ ಮಾಡುತ್ತಾರೆ.

ಉಮರ್ಗಾದ ಮೊದಲ ಪ್ರದರ್ಶನಕ್ಕೆ ಬಿರಾದಾರ ಸರ್ ಸ್ವತಃ ಬಂದರು. ಸಂಸ್ಥೆಯ ಹೆಸರು ಕೆಡಬಾರದೆಂದು ಗೋಡೆಗೆ ಚಿತ್ರ ಬಿಡುವ ಕಾಲೇಜಿನ ಪ್ರೊಜೆಕ್ಟರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು, ಬೆಳಕು ಬೀಳುವ ಕಡೆ ಒಂದು ಕೈ ಸಜ್ಜಾಗಿ ಇಟ್ಟುಕೊಂಡು ಕೂತರು. ಸಾಮುರಾಯ್‌ಗಳು ಒಬ್ಬರನ್ನೊಬ್ಬರು ಕಡಿಯುವಾಗ ಕೈ ಅಲ್ಲಾಡಲಿಲ್ಲ. ನೈಟ್ ಒಬ್ಬ ಹೆಣ್ಣುಮಗಳ ಮುಂದೆ ಮೊಣಕಾಲೂರಿ ಆಕೆಯ ಬೆರಳಿಗೆ ಮುತ್ತಿಟ್ಟಾಗ ಮಾತ್ರ ಗೋಡೆಯ ಮೇಲೆ ಪ್ರಾಚಾರ್ಯರ ಐದು ಬೆರಳು ಮೂಡಿದವು. ಆ ದೃಶ್ಯ ಮುಗಿಯಿತೋ ಇಲ್ಲವೋ ಅವರಿಗೆ ಗೊತ್ತಾಗದೆ ಬಹಳ ಹೊತ್ತು ಹಾಗೇ ಇದ್ದರು. ಉಮರ್ಗಾದ ಆ ವರ್ಷದ ಹುಡುಗರಿಗೆ ನೈಟ್ ಯಾಕೆ ಯುದ್ಧಕ್ಕೆ ಹೋದನೆಂಬುದು ಕೊನೆಗೂ ತಿಳಿಯಲಿಲ್ಲ. ಪರೀಕ್ಷೆಯಲ್ಲಿ ಬಹಳ ಜನ “ಪ್ರಾಚಾರ್ಯರ ಅಪ್ಪಣೆಯ ಮೇರೆಗೆ” ಎಂದು ಬರೆದಿದ್ದರು.

ಪಾಠದ ಸಾರ ಇಷ್ಟು. ಸಾಮುರಾಯ್‌ಗೆ ಮಾನವೆಂದರೆ ಧಣಿಯ ಋಣ. ಅದು ಅವನ ಹೊಟ್ಟೆಯೊಳಗೆ ಇರುತ್ತದೆ, ತಪ್ಪಿದರೆ ಲೆಕ್ಕ ತನ್ನೊಂದಿಗೇ, ತನ್ನ ಹೊಟ್ಟೆ ತಾನೇ ಕೊಯ್ದುಕೊಳ್ಳುತ್ತಾನೆ. ಅದಕ್ಕೇ ಆ ಸಿನಿಮಾಗಳಲ್ಲಿ ಮೌನ ಹೆಚ್ಚು. ಕ್ಯಾಮೆರಾ ಕೂಡ ಜಮಖಾನೆಯ ಮೇಲೆ ಕೂತ ಹಿರಿಯರಂತೆ ಕೆಳಗೇ ಕೂತು ನೋಡುತ್ತದೆ. ನೈಟ್‌ಗೆ ಮಾನವೆಂದರೆ ನಾಲ್ಕು ಜನರ ಮುಂದೆ ಆಡಿದ ಮಾತು. ಅಲ್ಲಿ ತುತ್ತೂರಿ, ಬಾವುಟ, ಕುದುರೆ ಎಲ್ಲ ಬೇಕು. ನಾಲ್ಕು ಜನರ ಮುಂದೆ ಕಟ್ಟಿಕೊಂಡದ್ದನ್ನು ನಾಲ್ಕು ಜನರ ಮುಂದೆ ಬಿಚ್ಚಿಕೊಳ್ಳಲೂ ದಾರಿ ಇರುತ್ತದೆ, ಕ್ಷಮೆ ಎಂಬುದೊಂದು ಇರುತ್ತದೆ. ಇನ್ನೊಂದು ಮಾತು. ನಾನು ನೋಡಿದ ಜಪಾನಿ ನಿರ್ದೇಶಕರಿಗೆ ತಮ್ಮ ಕಟ್ಟಳೆಯ ಮೇಲೇ ಸಂಶಯವಿತ್ತು, ಅದು ಮನುಷ್ಯನನ್ನು ತಿಂದುಹಾಕುವುದನ್ನು ಕಣ್ಣು ಮಿಟುಕಿಸದೆ ತೋರಿಸುತ್ತಿದ್ದರು. ಯುರೋಪಿನವರು ಆ ಜಾಗದಲ್ಲಿ ಸಂಗೀತ ಹಾಕುತ್ತಿದ್ದರು. ಇದನ್ನು ನೀವು ತರಗತಿಯಲ್ಲಿ ಹೇಳಬಹುದು, ಹುಡುಗರು ಬರೆದುಕೊಳ್ಳುತ್ತಾರೆ. ಆದರೆ ಬರೆದುಕೊಂಡದ್ದನ್ನೇ ನಂಬುತ್ತಾರೆ ಎಂದುಕೊಳ್ಳಬೇಡಿ.

ಉದಗೀರಕ್ಕೆ ವರ್ಗವಾದಾಗ ಅಲ್ಲಿಯ ಹುಡುಗರು ನನ್ನನ್ನು ಬೇರೆ ರೀತಿಯಲ್ಲಿ ಸತಾಯಿಸಿದರು. ಊರಲ್ಲೇ ಕೋಟೆ ಇದ್ದವರಿಗೆ ಯುರೋಪಿನ ಕೋಟೆ ಏನು ದೊಡ್ಡದು? ನೈಟ್ ಕಷ್ಟಪಟ್ಟು ಗೋಡೆ ಹತ್ತುವಾಗ ಹಿಂದಿನಿಂದ ಒಬ್ಬ, “ಸರ್, ಹಿಂದಿನ ದರವಾಜಾಕ್ಕ ಯಾರೂ ಇರಲ್ಲ. ಅಲ್ಲಿಂದ ಹೋಗು ಅಂತ ಹೇಳ್ರಿ,” ಎಂದ. ತಾಲೀಮಿಗೆ ಹೋಗುವ ಪೈಲ್ವಾನರು ಸಾಮುರಾಯ್ ನಿಲ್ಲುವ ಭಂಗಿ ನೋಡಿ, ಕಾಲು ಸರಿ ಇಟ್ಟಿಲ್ಲ, ಬೀಳುತ್ತಾನೆ ಎಂದರು. ಅವನು ಬೀಳಲಿಲ್ಲ. ಅದು ಸಿನಿಮಾದವರ ಲಬಾಡಿ, ಮೋಸ ಎಂದರು. ಅಲ್ಲೇ ಒಬ್ಬ, ದಲಾಲಿಯ ಅಡತಿ ಅಂಗಡಿಯ ಮನೆಯವನು, ಉತ್ತರಪತ್ರಿಕೆಯಲ್ಲಿ, ‘ಸಾಮುರಾಯ್‌ಗೆ ಧಣಿ ಒಬ್ಬನೇ. ನೈಟ್‌ಗೆ ದೇವರು, ರಾಜ, ಪ್ರೇಯಸಿ ಮೂವರು. ಆದ್ದರಿಂದ ನೈಟ್‌ನ ಧಂದೆ ಹೆಚ್ಚು ಜೋಖಮಿನದು’ ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ಇವತ್ತಿಗೂ ಅದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಲಂಗಾದಲ್ಲಿ ನನ್ನ ತರಗತಿಯಲ್ಲಿ ಸುಮಂಗಲಾ ಎಂಬ ಹುಡುಗಿ ಇದ್ದಳು. ಅವಳ ತಂದೆ ವೀರಭದ್ರಪ್ಪ, ಗಡಿಯ ಈಚೆ ಮಹಾರಾಷ್ಟ್ರದಲ್ಲೇ ಇರುವ ಔರಾದ ಶಹಾಜನಿಯಲ್ಲಿ ಬಟ್ಟೆ ಅಂಗಡಿ. ಸೋದರಮಾವ ಸಿದ್ರಾಮಪ್ಪ, ನಿಲಂಗಾದಲ್ಲಿ ಕಿರಾಣಿ ಅಂಗಡಿ. ಮಾವನಿಗೆ ಮಕ್ಕಳಿರಲಿಲ್ಲ. ಸುಮಂಗಲಾ ಶಾಲೆ ಕಲಿತದ್ದು ಅವರ ಮನೆಯಲ್ಲೇ ಇದ್ದು, ಅವರ ಕೈಯಲ್ಲೇ ಉಂಡು. ಆಮೇಲೆ ಅವಳ ಅಣ್ಣನ ಮದುವೆ ಬಂತು.

ನಮ್ಮ ಕಡೆ ಮದುವೆಯ ಮಾನಪಾನ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೀಗರು, ನೆಂಟರು, ಊರ ಹಿರಿಯರು ಎಲ್ಲರಿಗೂ ತಲೆಗೆ ಫೇಟಾ ಸುತ್ತಿ ಮಾನ ಮಾಡಬೇಕು. ಮೊದಲ ಫೇಟಾ ಸೋದರಮಾವನದು. ಫೇಟಾ ಸುತ್ತಲು ಬಾಡಿಗೆಯ ಮನುಷ್ಯ ಬರುತ್ತಾನೆ, ಅವನಿಗೆ ಯಾರು ಯಾರೆಂದು ಗೊತ್ತಿರುವುದಿಲ್ಲ. ಅವತ್ತು ಅವನು ಮೊದಲ ಕುರ್ಚಿಯಿಂದ ಶುರು ಮಾಡಿದ. ಮೊದಲ ಕುರ್ಚಿಯಲ್ಲಿ ಉದಗೀರದ ಸಗಟು ವ್ಯಾಪಾರಿಯೊಬ್ಬರು, ಅಲ್ಲಿ ಫ್ಯಾನಿನ ಗಾಳಿ ಬರುತ್ತದೆಂದು ಕೂತಿದ್ದರು. ಸಿದ್ರಾಮಪ್ಪ ಎದ್ದು ನಿಂತು, “ಇನ್ನ ಈ ಔರಾದ ಶಿವಾರದಾಗ ನಾ ತುತ್ತು ಅನ್ನ, ಹನಿ ನೀರು ಮುಟ್ಟಲ್ಲ,” ಎಂದು ಹೇಳಿ ಹೊರಟುಹೋದರು. ಶಿವಾರ ಎಂದರೆ ಊರಿನ ಹೊಲಗಳ ಎಲ್ಲೆ. ಆಮೇಲೆ ವೀರಭದ್ರಪ್ಪ ಮಗಳನ್ನು ಮಾವನ ಮನೆಯಿಂದ ಕರೆಸಿಕೊಂಡು ದಿನವೂ ಔರಾದದಿಂದ ನಿಲಂಗಾಕ್ಕೆ ಬಸ್ಸಿನಲ್ಲಿ ಓಡಾಡಿಸಿದರು. ಅವಳು ಮಧ್ಯಾಹ್ನ ಮಾವನ ಅಂಗಡಿಯ ಹಿಂದೆ ಕೂತು ಉಣ್ಣುತ್ತಿದ್ದಳು. ಅಪ್ಪನಿಗೆ ಗೊತ್ತಿತ್ತು, ಕೇಳಲಿಲ್ಲ. ಅವಳ ಅಪ್ಪ, ಸೋದರಮಾವ ಇಬ್ಬರೂ ಪರಸ್ಪರ ಮಾತು ಬಿಟ್ಟಿದ್ದರು.

ನಾನು ತರಗತಿಯಲ್ಲಿ ಎರಡು ಕಟ್ಟಳೆಗಳನ್ನು ಹೋಲಿಸುತ್ತಿದ್ದಾಗ ಸುಮಂಗಲಾ ಎದ್ದು ನಿಂತಳು. “ಸರ್, ಜಪಾನದಾಂವ ತನ್ನ ಹೊಟ್ಟಿ ಕೊಯ್ಕೋತಾನ. ಯುರೋಪದಾಂವ ಇನ್ನೊಬ್ಬನ ಹೊಟ್ಟೀಗಿ ಚುಚ್ಚತಾನ. ನಮ್ಮಾಂವ ಹೊಟ್ಟಿ ಖಾಲಿ ಇಟಗೊಂಡು ಎದ್ದು ಹೋಗ್ತಾನ. ಆ ಇಬ್ಬರದು ಅವತ್ತೇ ಮುಗೀತದ. ನಮದು ಯಾವಾಗ ಮುಗೀತದ್ರಿ?” ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. ಅವಳ ಮದುವೆ ಗೊತ್ತಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅಕ್ಷತೆ ಬೀಳುವಾಗ ಹೆಣ್ಣಿನ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಸಿದ್ರಾಮಪ್ಪ ಬರುವುದಿಲ್ಲ ಎಂದಿದ್ದರು. ಅವರು ಬಾರದಿದ್ದರೆ ತಾನು ಅಂತರಪಟದ ಮುಂದೆ ನಿಲ್ಲುವುದಿಲ್ಲ ಎಂದು ಅವಳು ಮನೆಯಲ್ಲಿ ಹೇಳಿಬಿಟ್ಟಿದ್ದಳು. ಗಂಡಿನ ಕಡೆಯವರಿಗೆ ಇನ್ನೂ ಗೊತ್ತಿರಲಿಲ್ಲ.

ಅವಳು ಒಂದು ಉಪಾಯ ಮಾಡಿದಳು. ಶನಿವಾರ ಜಪಾನಿ ಸಿನಿಮಾ ಇತ್ತು. “ಸರ್ ಕರದಾರ” ಎಂದು ಸುಳ್ಳು ಹೇಳಿ ಮಾವನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂಡಿಸಿದಳು. ಹಟ ಮಾಡಿದವನ ಗತಿ ಏನಾಗುತ್ತದೆಂದು ಕಣ್ಣಾರೆ ನೋಡಲಿ ಎಂಬುದು ಅವಳ ಲೆಕ್ಕ. ಸಿನಿಮಾ ತೋರಿಸಿ ಮನುಷ್ಯನನ್ನು ಬದಲಿಸಬಹುದು ಎಂದು ಪಠ್ಯದ ಉದ್ದೇಶಗಳಲ್ಲಿ ಕೂಡ ಬರೆದಿದೆ. ಸಿನಿಮಾ ಮುಗಿದು ಹುಡುಗರೆಲ್ಲ ಹೋದರೂ ಸಿದ್ರಾಮಪ್ಪ ಏಳಲಿಲ್ಲ. ಹೆಗಲ ಮೇಲಿನ ಟಾವೆಲ್‌ನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸುಮಂಗಲಾ ನನ್ನ ಕಡೆ ನೋಡಿ ಗೆದ್ದವಳಂತೆ ತಲೆಯಾಡಿಸಿದಳು.

“ಹ್ಯಾಂಗ ಅನಸ್ತ್ರಿ?” ಎಂದು ನಾನು ಕೇಳಿದೆ.

“ಖರೇ ಮನುಷ್ಯಾ ಅದಾನ್ರಿ ಸರ್ ಅಂವಾ,” ಎಂದರು ಸಿದ್ರಾಮಪ್ಪ. “ಕೊನೀತನಕಾ ಹೊಸ್ತಲಾ ದಾಟಲಿಲ್ಲ ನೋಡ್ರಿ.”

“ಮಾಮಾ, ಅಂವಾ ಸತ್ತಾನ,” ಎಂದಳು ಸುಮಂಗಲಾ.

“ಸತ್ರೇನಾತು? ಮಾತು ಉಳೀತಿಲ್ಲೋ?”

“ಒಳಗಿದ್ದಾಂವನೂ ಸತ್ತಾನ. ಇಬ್ಬರೂ ಸತ್ತಾರ ಮಾಮಾ.”

“ಅದಕೇ ಸಿನಿಮಾ ತಗದಾರ. ಒಳಗ ಹೋಗಿ ಉಂಡು ಬಂದಿದ್ರ ಯಾರು ತಗೀತಿದ್ರು?”

ಮನುಷ್ಯ ಬದಲಾಗಿದ್ದ, ಇನ್ನಷ್ಟು ಗಟ್ಟಿಯಾಗಿದ್ದ. ನನಗೆ ಬೋಧನೆಯ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆ ಅವತ್ತು ಹೋಯಿತು. ಸುಮಂಗಲಾ ಅಳತೊಡಗಿದಳು. “ನೀವು ಹಿಂದ ನಿಂದರಲಿಲ್ಲಂದ್ರ ನಾ ಮುಂದ ನಿಂದರಲ್ಲ,” ಎಂದಳು. ಸಿದ್ರಾಮಪ್ಪ ಟಾವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡು ನನಗೆ ಹೇಳಿದರು, “ಸರ್, ನಾ ಬಂದು ಉಪಾಸ ಹೋದ್ರ ಊರ ಮಂದಿ ಮುಂದ ನಮ್ಮ ಭಾವನ ಮಾನ ಹೋಗ್ತದ. ಉಂಡ್ರ ನಂದು ಹೋಗ್ತದ. ಬರದೇ ಇದ್ರ ಇಬ್ಬರದೂ ಉಳೀತದ. ಈಕಿಗಿ ಹ್ಯಾಂಗ ತಿಳಿಸ್ಲಿ?” ಭಾವನ ಮಾನವನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದಾರೆಂದು ನಾನು ಅಂದುಕೊಂಡಿರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗ.

ಮುಂದಿನ ಶನಿವಾರ ಯುರೋಪಿನ ಸರದಿ. ವೀರಭದ್ರಪ್ಪ ನನಗೆ ಮದುವೆಯ ಕರೆಯೋಲೆ ಕೊಡಲು ಕಾಲೇಜಿಗೆ ಬಂದಿದ್ದರು. ನಾನು ಸಿನಿಮಾ ಬಿಟ್ಟು ಏಳುವಂತಿರಲಿಲ್ಲ, ಆದ್ದರಿಂದ ಅವರೂ ಕೂತರು. ಬಟ್ಟೆ ವ್ಯಾಪಾರಿಯಾದ್ದರಿಂದ ಮೊದಲರ್ಧ ನೈಟ್‌ಗಳ ನಿಲುವಂಗಿಯ ಅರಿವೆಯನ್ನೇ ನೋಡುತ್ತಿದ್ದರು. ಸೇತುವೆಯ ದೃಶ್ಯ ಬಂದಾಗ ಮುಂದಕ್ಕೆ ಬಾಗಿದರು. ನಾನು ಹಿಂದಿನ ವಾರದ ಅನುಭವದಿಂದ ಏನನ್ನೂ ಕೇಳಲಿಲ್ಲ, ಅವರೇ ಕೇಳಿದರು.

“ಸರ್, ಅವರಿಬ್ಬರಾಗ ಯಾರೂ ಮಾಫಿ ಕೇಳಲಿಲ್ಲಲ್ರಿ?”

“ಇಲ್ರಿ.”

“ಆದ್ರೂ ಕೂಡಿ ಉಂಡಾರ.”

“ಉಂಡಾರ್ರಿ.”

“ಯಾಕಂದ್ರ ಆ ನಡುವಿನ ಪೂಲ ಯಾರ ಹದ್ದಿನಾಗೂ ಇಲ್ಲ.”

“ಇಲ್ರಿ. ಆದ್ರ ಅದಕ್ಕೂ ಮೊದಲ ಒಂದು ಬಡದಾಟ ಆಗ್ಯಾದ,” ಎಂದು ನಾನು ನೆನಪಿಸಿದೆ. ಪಾಠದ ದೃಷ್ಟಿಯಿಂದ ಅದು ಮುಖ್ಯ.

“ಅದು ಬಿಡ್ರಿ,” ಎಂದು ಎದ್ದರು.

ಮರುದಿನ ಅವರ ಫೋನು ಬಂತು. ಔರಾದದಿಂದ ಬೀದರ್ ಜಿಲ್ಲೆಯ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಕರ್ನಾಟಕ ಶುರುವಾಗುತ್ತದೆ. ಸಿದ್ರಾಮಪ್ಪ ಮದುವೆಗೆ ಬಂದು ಮಗಳ ಹಿಂದೆ ನಿಲ್ಲಲಿ, ಅಕ್ಷತೆ ಬಿದ್ದ ಮೇಲೆ ಅಡುಗೆಯನ್ನು ಟೆಂಪೋದಲ್ಲಿ ಹೇರಿಕೊಂಡು ರಾಜ್ಯದ ಹದ್ದು ದಾಟಿ ಅಲ್ಲಿ ಬಡಿಸೋಣ, ಶಪಥಕ್ಕೂ ಏನೂ ಆಗುವುದಿಲ್ಲ ಎಂದರು. “ನಾ ಹೇಳಿದ್ರ ಅಂವಾ ಕೇಳಲ್ಲ. ನೀವು ಸಿನಿಮಾದಾಗಿಂದು ಅಂತ ಹೇಳ್ರಿ,” ಎಂದರು. ಇಂಗ್ಲಿಷ್ ಪ್ರಾಧ್ಯಾಪಕ ಹೀಗೆ ಎರಡು ರಾಜ್ಯಗಳ ನಡುವೆ ಊಟದ ಸಂಧಾನಕ್ಕೆ ಹೊರಟ. ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ಹೇಳಿರುವುದಿಲ್ಲ.

ನಾನು ಹೋದಾಗ ಸಿದ್ರಾಮಪ್ಪ ಗಿರಾಕಿಗೆ ಶೇಂಗಾ ತೂಗುತ್ತಿದ್ದರು. ಎಲ್ಲ ಕೇಳಿಸಿಕೊಂಡು, ತಕ್ಕಡಿ ನಿಲ್ಲುವವರೆಗೆ ಕಾದು, ಪುಡಿಕೆ ಕಟ್ಟಿ ಕೊಟ್ಟು, ಆಮೇಲೆ ಹೇಳಿದರು: “ಔರಾದ ಶಿವಾರ ಅಂದಿದ್ದೆ, ಖರೆ. ಕರ್ನಾಟಕ ಅಂದಿಲ್ಲ.” ಮತ್ತೆ ಸ್ವಲ್ಪ ಯೋಚಿಸಿ, “ಇದು ಯಾರ ತಲಿ?” ಎಂದರು. ಯುರೋಪಿನವರದು ಎಂದೆ. “ಅದಕೇ ಅವರು ದುನಿಯಾ ಆಳ್ಯಾರ,” ಎಂದರು.

ಮದುವೆಯ ದಿನ ವೀರಭದ್ರಪ್ಪ ಫೇಟಾದವನ ಹೆಗಲ ಮೇಲೆ ಕೈ ಇಟ್ಟುಕೊಂಡೇ ತಿರುಗುತ್ತಿದ್ದರು, ದನ ತಪ್ಪಿಸಿಕೊಳ್ಳದಂತೆ ಹಿಡಿದುಕೊಂಡವರ ಹಾಗೆ. ಸಿದ್ರಾಮಪ್ಪ ಒಳಗೆ ಬಂದ ಕೂಡಲೆ ಅವನನ್ನು ನೇರ ಅವರ ಮುಂದೆ ತಂದು ನಿಲ್ಲಿಸಿದರು. “ಅದು ಅವತ್ತಿಂದು. ಇವತ್ತ ಬ್ಯಾಡ,” ಎಂದು ಸಿದ್ರಾಮಪ್ಪ ತಮ್ಮ ಬಿಳಿ ಟೋಪಿಯನ್ನೇ ಸರಿಮಾಡಿಕೊಂಡರು. ಇನ್ನು ಏನಾಗುತ್ತದೋ ಎಂದುಕೊಂಡೆ. ಆದರೆ ಅವರು ಹೋಗಿ ಸುಮಂಗಲಾಳ ಹಿಂದೆ ನಿಂತರು. ಅಕ್ಷತೆ ಬೀಳುವಾಗ ಅವರ ಎರಡೂ ಕೈ ಅವಳ ಭುಜದ ಮೇಲಿದ್ದವು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಎಲ್ಲರೂ ಪಂಕ್ತಿಗೆ ಕೂತಾಗ ನಾವು ಟೆಂಪೋ ಹತ್ತಿದೆವು. ವೀರಭದ್ರಪ್ಪ, ಸಿದ್ರಾಮಪ್ಪ, ನಾನು, ಡ್ರೈವರ್, ಜೊತೆಗೆ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರಿನ ಪಾತ್ರೆಗಳು. ಮಾವ ಉಂಡ ಸುದ್ದಿ ಬರುವತನಕ ತಾನು ಉಣ್ಣುವುದಿಲ್ಲ ಎಂದು ಮದುಮಗಳು ಹೇಳಿ ಕಳಿಸಿದ್ದಳು. ಕರ್ನಾಟಕದ ಸ್ವಾಗತದ ಬೋರ್ಡು ದಾಟಿ ಒಂದು ಬೇವಿನ ಗಿಡದ ಕೆಳಗೆ ಡ್ರೈವರ್ ನಿಲ್ಲಿಸಿದ. ವೀರಭದ್ರಪ್ಪ ಜಮಖಾನೆ ಹಾಸಿದರು. ಸಿದ್ರಾಮಪ್ಪ ಕೂಡಲಿಲ್ಲ. ಬೋರ್ಡು ಸರಕಾರದ್ದು, ಸರಕಾರ ಎಲ್ಲಿ ಬೇಕಾದರೂ ಹುಗಿಯುತ್ತದೆ ಎಂದು ಪಕ್ಕದ ಹೊಲದ ಬದುವಿಗೆ ಇಳಿದರು. ಅಲ್ಲಿ ಸೋಯಾಬೀನಿನಲ್ಲಿ ಕಳೆ ತೆಗೆಯುತ್ತಿದ್ದ ಮುದುಕನನ್ನು, “ಕಾಕಾ, ಈ ಬಾಂದು ಯಾರ ಶಿವಾರದಾಗ ಬರ್ತದ್ರಿ?” ಎಂದು ಕೇಳಿದರು. ಮುದುಕ ತನ್ನೂರಿನ ಹೆಸರು ಹೇಳಿದ. “ಔರಾದದ್ದು ಅಲ್ಲೇನ್ರಿ?” ಎಂದು ಮತ್ತೊಮ್ಮೆ ಕೇಳಿದರು. ಅಲ್ಲ, ಔರಾದದವರ ಹೊಲ ಇರುವುದು ಆ ಕಡೆಯ ಹಳ್ಳದತನಕ ಮಾತ್ರ ಎಂದ ಮುದುಕ. ಆಮೇಲೆ ಬಂದು ಕೂತರು.

ವೀರಭದ್ರಪ್ಪ ತಮ್ಮ ಫೇಟಾ ತೆಗೆದು ಟೆಂಪೋದ ಸೀಟಿನ ಮೇಲಿಟ್ಟು, ಬರಿದಲೆಯಲ್ಲಿ ಬಗ್ಗಿ ಬಡಿಸಿದರು. ಮಗಳ ಮದುವೆಯ ದಿನ, ಮಂಟಪದಲ್ಲಿ ನೂರಾರು ಜನ ಕಾಯುತ್ತಿರುವಾಗ, ಆ ಮನುಷ್ಯ ರಸ್ತೆ ಬದಿಯಲ್ಲಿ ಸೌಟು ಹಿಡಿದು ನಿಂತಿದ್ದರು. ಇಷ್ಟು ವರ್ಷ ನಾನು ಮಾನವೆಂದರೆ ಸಾಯುವ ಬಗೆ ಎಂದೇ ಕಲಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಸುಮಂಗಲಾಳ ಫೋನು ಬಂತು. “ಉಂಡ್ರೇನ್ರಿ ಸರ್?” ಎಂದಳು. “ಕೂತಾರವ್ವಾ,” ಎಂದೆ.

ಸಿದ್ರಾಮಪ್ಪ ಹುಗ್ಗಿ ಮುಗಿಸಿದರು. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು.

“ಸಾರು ಆರ್ಯಾದ ಭಾವಾ,” ಎಂದರು. “ಮುಂದಿನ ಸಲ ಮನ್ಯಾಗೇ ಹಾಕ್ರಿ.”

ವೀರಭದ್ರಪ್ಪ ಪಾತ್ರೆಗೆ ಬಗ್ಗಿ ಇನ್ನೊಂದು ಸೌಟು ಸಾರು ಹಾಕಿದರು. ಅದೂ ಆರಿತ್ತು. ಸಿದ್ರಾಮಪ್ಪ ಅದನ್ನೂ ಉಂಡರು.